ಲೇಸರ್ ಕ್ಲೀನಿಂಗ್: 1500 ವ್ಯಾಟ್ ಕಂಟಿನ್ಯುಯಸ್ ಮಷೀನಾ, 200 ವ್ಯಾಟ್ ಪಲ್ಸ್ ಮಷೀನಾ?

ಪ್ರಶ್ನೆ

ಎರಡು ಥರದ ಕೆಲಸ ಇದೆ. ರಬ್ಬರ್ ಅಚ್ಚು ಹಾಕೋ ಲೋಹದ ಮೋಲ್ಡ್ ಒಳಗೆ ಕಟ್ಟಿಕೊಳ್ಳೋ ಕರಿ ತೆಗೀಬೇಕು, ಜೊತೆಗೆ 8–10 ಮಿ.ಮೀ. ದಪ್ಪದ ಕಬ್ಬಿಣದ ಫ್ರೇಮ್‌ಗಳ ತುಕ್ಕು, ಹಳೇ ಪೇಂಟ್ ತೆಗೀಬೇಕು. 1500 ವ್ಯಾಟ್ ಕಂಟಿನ್ಯುಯಸ್ ಮಷೀನೇ 200 ವ್ಯಾಟ್ ಪಲ್ಸ್‌ಗಿಂತ ಅಗ್ಗ. ಕಡಿಮೆ ವ್ಯಾಟ್‌ಗೆ ಯಾಕೆ ಹೆಚ್ಚು ದುಡ್ಡು? ಕಣ್ಣಿಗೆ ವೆಲ್ಡಿಂಗ್ ಗ್ಲಾಸ್ ಸಾಕಾ?

ಉತ್ತರ 1

ಪಲ್ಸ್ ಮಷೀನ್ ಕಿರಣವನ್ನ ತುಂಡುತುಂಡಾಗಿ, ಮಿಂಚಿನ ಥರ ಬಿಡುತ್ತೆ; ಆ 200 ವ್ಯಾಟ್ ಅನ್ನೋದು ಸರಾಸರಿ ಅಷ್ಟೆ. ಸೆಕೆಂಡಿಗೆ 1 ಲಕ್ಷ ಪಲ್ಸ್, ಒಂದೊಂದು 100 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೋಸೆಕೆಂಡ್) ಅಂತಿಟ್ಟುಕೊಳ್ಳಿ: ಒಂದು ಪಲ್ಸ್‌ಗೆ 2 ಮಿಲಿಜೌಲ್ ಬರುತ್ತೆ, ಆ ಕ್ಷಣದ ಪವರ್ 20 ಕಿಲೋವ್ಯಾಟ್. ಮೇಲಿನ ಪದರ ಆವಿಯಾಗಿ ಹಾರಿಹೋಗುತ್ತೆ, ಶಾಖ ಲೋಹದೊಳಕ್ಕೆ ಇಳಿಯೋಕೆ ಸಮಯವೇ ಸಿಗಲ್ಲ. ಕಂಟಿನ್ಯುಯಸ್‌ನಲ್ಲಿ ಕಿರಣ ಬಿಡುವಿಲ್ಲದೆ ಬೀಳೋದರಿಂದ ಲೋಹವೂ ಕಾಯುತ್ತೆ. ಮೋಲ್ಡ್‌ನ ಚೂಪಾದ ಅಂಚು ಕರಗಿ ದುಂಡಗಾಯ್ತು ಅಂದ್ರೆ ಆ ಮೋಲ್ಡ್ ಮುಗಿದ ಹಾಗೆ. ಹಾಗಾಗಿ ಮೋಲ್ಡ್‌ಗೆ ಪಲ್ಸೇ ಬೇಕು, ಇದರಲ್ಲಿ ರಾಜಿ ಬೇಡ.

ಫ್ರೇಮ್‌ಗೆ ಕಂಟಿನ್ಯುಯಸ್ ನಡೆಯುತ್ತೆ, ವೇಗವೂ ಜಾಸ್ತಿ. ಆದ್ರೆ 2 ಮಿ.ಮೀ. ಶೀಟ್‌ಗೆ ಹಿಡಿದ್ರೆ ಡೊಂಕಾಗುತ್ತೆ. ಉಕ್ಕು ಹಳದಿಗೆ ತಿರುಗಿದ್ರೆ 200 ಡಿಗ್ರಿ ದಾಟಿದೆ, ನೀಲಿ ಆದ್ರೆ 300ರ ಆಸುಪಾಸು ಅಂತ ಲೆಕ್ಕ. ಬಣ್ಣ ಕಂಡ ತಕ್ಷಣ ಪವರ್ ಇಳಿಸಿ, ಇಲ್ಲಾ ಕೈ ಬೇಗ ಓಡಿಸಿ.

ಕೊಳ್ಳುವಾಗ ವ್ಯಾಟ್ ಜೊತೆ ಪಲ್ಸ್‌ನ ಮಿಲಿಜೌಲ್ ಮತ್ತು ನ್ಯಾನೋಸೆಕೆಂಡ್ ಎಷ್ಟು ಅಂತ ಕೇಳಿ. ಮಾರುವವರ ಸ್ಯಾಂಪಲ್ ನೋಡಿ ತೀರ್ಮಾನಿಸಬೇಡಿ. ನಿಮ್ಮದೇ ಮೋಲ್ಡ್ ತುಂಡು ಕೊಟ್ಟು, ಕ್ಲೀನ್ ಆದ ಜಾಗವನ್ನ ಭೂತಗನ್ನಡಿಯಲ್ಲಿ ನೋಡಿ.

ಉತ್ತರ 2

ವೆಲ್ಡಿಂಗ್ ಗ್ಲಾಸ್ ಸಾಕಾಗಲ್ಲ, ದಯವಿಟ್ಟು ಬಳಸಬೇಡಿ. ಇವು ಕ್ಲಾಸ್ 4, ಅಂದ್ರೆ ಅತಿ ಅಪಾಯದ ವರ್ಗದ ಲೇಸರ್, ಸುಮಾರು 1064 ನ್ಯಾನೋಮೀಟರ್‌ನ ಕಿರಣ. ಕಣ್ಣಿಗೆ ಕಾಣಲ್ಲ, ಹಾಗಾಗಿ ರೆಪ್ಪೆ ತಾನಾಗಿ ಮುಚ್ಚಲ್ಲ. ಕಣ್ಣಿನ ಮಸೂರ ಅದನ್ನ ರೆಟಿನಾದ ಮೇಲೆ ಚುಕ್ಕಿಯಾಗಿ ಕೇಂದ್ರೀಕರಿಸುತ್ತೆ, ಸುಟ್ಟದ್ದು ವಾಪಸ್ ಬರಲ್ಲ. ಹೊಳೆಯೋ ಲೋಹದಿಂದ ಚಿಮ್ಮಿದ ಕಿರಣವೂ ಅಷ್ಟೇ ಅಪಾಯ.

ಲೇಸರ್ ಕನ್ನಡಕದ ಮೇಲೆ ನಿಮ್ಮ ಮಷೀನಿನ ತರಂಗಾಂತರ ಅಚ್ಚಾಗಿರಬೇಕು. ಯುರೋಪಿನ ಲೇಸರ್ ಕನ್ನಡಕದ ಮಾನದಂಡ ಇಎನ್ 207ರ ಗುರುತಿದ್ರೆ ‘ಡಿ’ ಕಂಟಿನ್ಯುಯಸ್‌ಗೆ, ‘ಆರ್’ ನ್ಯಾನೋಸೆಕೆಂಡ್ ಪಲ್ಸ್‌ಗೆ. ಎರಡೂ ಮಷೀನ್ ಇಟ್ಟರೆ ಎರಡೂ ಅಕ್ಷರ ನೋಡಿ. ಗಾಜಿನಲ್ಲಿ ಗೀರು ಬಿದ್ದರೆ ಬದಲಿಸಿ.

ಕನ್ನಡಕ ಇದೆ ಅಂತ ತೆರೆದ ಶೆಡ್‌ನಲ್ಲಿ ಹಚ್ಚಬೇಡಿ, ಆಚೆ ನಡೆದು ಹೋಗೋರಿಗೆ ಕನ್ನಡಕ ಇರಲ್ಲ. ಲೇಸರ್ ತಡೆಯೋ ಪರದೆಯ ಅಥವಾ ಲೋಹದ ಗೋಡೆಯ ಮುಚ್ಚಿದ ಕೋಣೆ ಬೇಕು. ಬಾಗಿಲು ತೆಗೆದ್ರೆ ಕಿರಣ ನಿಲ್ಲೋ ಇಂಟರ್‌ಲಾಕ್, ಹೊರಗೆ ಎಚ್ಚರಿಕೆ ದೀಪ, ಕೈಗೆಟುಕುವಲ್ಲಿ ಎಮರ್ಜೆನ್ಸಿ ಸ್ಟಾಪ್ ಇರಲಿ. ಕೆಲಸ ಮುಗಿದ ಮೇಲೆ ಕೀ ಮಷೀನಲ್ಲಿ ಬಿಡಬೇಡಿ. ಇಂಟರ್‌ಲಾಕ್‌ಗೆ ವೈರ್ ಸುತ್ತಿ ಬೈಪಾಸ್ ಮಾಡೋದನ್ನ ಯಾರಿಗೂ ಬಿಡಬೇಡಿ.

ಉತ್ತರ 3

ಹೊಗೆ ಬಗ್ಗೆ ಯಾರೂ ಹೇಳಿಲ್ಲ. ಹಳೇ ಪೇಂಟ್‌ನಲ್ಲಿ ಸೀಸ ಇರಬಹುದು, ಮೊದಲು ಪರೀಕ್ಷೆ ಮಾಡಿಸಿ. ಹೊಗೆ ಎಳೆಯೋ ಬಾಯಿ ಕೆಲಸದ ಜಾಗಕ್ಕೆ ಅಂಟಿದಂತೆ ಇರಲಿ, ಮೇಲ್ಛಾವಣಿ ಫ್ಯಾನ್ ಲೆಕ್ಕಕ್ಕಿಲ್ಲ. ಹೆಪಾ ಫಿಲ್ಟರ್ ಕಣಗಳಿಗೆ, ರಬ್ಬರ್ ಸುಟ್ಟ ಅನಿಲಕ್ಕೆ ಆಕ್ಟಿವೇಟೆಡ್ ಕಾರ್ಬನ್. ಅಲ್ಯುಮಿನಿಯಂ ಕೆಲಸವೂ ಇದ್ರೆ ಅದರ ಪುಡಿ ಮತ್ತು ಕಬ್ಬಿಣದ ತುಕ್ಕಿನ ಪುಡಿ ಒಂದೇ ಫಿಲ್ಟರ್‌ಗೆ ಬಿಡಬೇಡಿ, ಆ ಮಿಶ್ರಣ ಹೊತ್ತಿಕೊಂಡರೆ ಆರಿಸೋದು ಕಷ್ಟ.

ಹೆಚ್ಚು ಕೆಡೋದು ಕಿರಣ ಬಿಡೋ ಗನ್‌ನ ತುದಿಯ ರಕ್ಷಣಾ ಗಾಜು. ಒಂದು ಧೂಳಿನ ಕಣ ಕೂತರೆ ಅದೇ ಜಾಗ ಕಾದು ಕಪ್ಪು ಚುಕ್ಕಿಯಾಗುತ್ತೆ, ಹಾಗೇ ಓಡಿಸಿದ್ರೆ ಬಿರುಕು ಬಿಟ್ಟು ಒಳಗಿನ ಲೆನ್ಸೂ ಹೋಗುತ್ತೆ. ಪವರ್ ಆಫ್ ಮಾಡಿ, ಗಾಜನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ನೂಲುಬಿಡದ ಸ್ವಾಬ್‌ನಲ್ಲಿ ಒಂದೇ ದಿಕ್ಕಿಗೆ ಒರೆಸಿ. ಚುಕ್ಕಿ ಹೋಗದಿದ್ರೆ ಬಿಸಾಕಿ. ಗನ್‌ನಲ್ಲಿ ಊದೋ ಗಾಳಿಯಲ್ಲಿ ಎಣ್ಣೆ, ನೀರು ಇದ್ರೆ ಎಷ್ಟು ಗಾಜು ಬದಲಿಸಿದರೂ ಪ್ರಯೋಜನ ಇಲ್ಲ.

ಪ್ರಶ್ನೆ ಕೇಳಿದವರು

ಪಾಲಿಶ್ ಮಾಡಿದ ಮೋಲ್ಡ್‌ಗೆ? ಫ್ರೇಮ್‌ಗೆ ಆಮೇಲೆ ಪೇಂಟ್ ಹಿಡಿಯುತ್ತಾ?

ಉತ್ತರ 1

ಹೊಳಪಿನ ಮೋಲ್ಡ್‌ಗೆ ಗನ್ ನೇರ ಹಿಡಿಯಬೇಡಿ, 10–15 ಡಿಗ್ರಿ ವಾಲಿಸಿ. ಇಲ್ಲಾಂದ್ರೆ ಕಿರಣ ಬಂದ ದಾರಿಯಲ್ಲೇ ಮರಳಿ ಲೇಸರ್ ಸೋರ್ಸನ್ನೇ ಹಾಳು ಮಾಡಬಹುದು. ಕಡಿಮೆ ಪವರ್‌ನಲ್ಲಿ, ಕಾಣದ ಮೂಲೆಯಿಂದ ಶುರು ಮಾಡಿ.

ಪೇಂಟ್ ವಿಷಯ: ಲೇಸರ್ ತುಕ್ಕು ತೆಗೆಯುತ್ತೆ, ಮರಳು ರಭಸವಾಗಿ ಊದೋ ಸ್ಯಾಂಡ್‌ಬ್ಲಾಸ್ಟ್ ಥರ ಒರಟು ಮೇಲ್ಮೈ ಕೊಡಲ್ಲ. ಪೇಂಟಿನ ಡೇಟಾಶೀಟ್‌ನಲ್ಲಿ 50–75 ಮೈಕ್ರಾನ್ ಒರಟುತನ ಕೇಳಿದ್ರೆ ಆ ಫ್ರೇಮ್‌ಗೆ ಬ್ಲಾಸ್ಟಿಂಗೇ ಸರಿ. ಇಲ್ಲದಿದ್ರೆ ಪುಡಿ ಒರೆಸಿ ಅವತ್ತೇ ಪ್ರೈಮರ್ ಹಚ್ಚಿ. ತೇವದ ಗಾಳಿಯಲ್ಲಿ ಕೆಲವೇ ಗಂಟೆಗೆ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತೆ.