ದೊಡ್ಡ ಫೈಲ್ ಕಾಪಿ ಆಗುವಾಗ ಎಸ್‌ಎಸ್‌ಡಿ ತಡವರಿಸುತ್ತದೆ, ಯಾಕೆ?

ನಿಧಾನಿ:
1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಲಿನಕ್ಸ್. ಡಬ್ಬದ ಮೇಲೆ ಸೆಕೆಂಡಿಗೆ 3,500 ಎಂಬಿ ಅಂತ ಇದೆ. ಎಫ್‌ಐಒ (ಡಿಸ್ಕ್ ವೇಗ ಅಳೆಯುವ ಟೂಲ್) ಹಾಕಿ 4 ಕೆಬಿ ರ್ಯಾಂಡಮ್ ರೀಡ್ ನೋಡಿದರೆ ಬರೀ 48 ಎಂಬಿ, ಅಂದರೆ ಸುಮಾರು 12,000 ಐಒಪಿಎಸ್ (ಸೆಕೆಂಡಿಗೆ ಇಷ್ಟು ಓದು). ಅದು ಹಾಳಾಗಿ ಹೋಗಲಿ, ದೊಡ್ಡ ಫೈಲ್ ಕಾಪಿಗೆ ಹಾಕಿ ಎಡಿಟರ್ ತೆರೆದರೆ ಎರಡು ಮೂರು ಸೆಕೆಂಡ್ ಮಿಸುಕಾಡುವುದಿಲ್ಲ. ಡ್ರೈವ್ ಆರೋಗ್ಯ ಹೇಳುವ ಸ್ಮಾರ್ಟ್ ರಿಪೋರ್ಟ್ ಸರಿಯಾಗೇ ಇದೆ. ಡ್ರೈವ್ ವಾಪಸ್ ಕೊಡಲಾ?

ಬಿಟ್‌ಗಾಡಿ:
ಐಒ ಶೆಡ್ಯೂಲರ್ (ಓದು-ಬರಹದ ಕೋರಿಕೆಗಳ ಸರದಿ ನೋಡಿಕೊಳ್ಳುವ ಲಿನಕ್ಸ್ ಭಾಗ) ಬದಲಾಯಿಸಿ ನೋಡಿ ಸರ್. ನನ್ನ ಹಾರ್ಡ್‌ಡಿಸ್ಕಿಗೆ ಬಿಎಫ್‌ಕ್ಯೂ ಅನ್ನೋ ಶೆಡ್ಯೂಲರ್ ಹಾಕಿದ ಮೇಲೆ ಈ ಕಾಟ ತಪ್ಪಿತು.

ಕೆಳಮಟ್ಟ:
ವಾಪಸ್ ಕೊಡೋಕೆ ಅವಸರ ಬೇಡ. ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ.

ಮೊದಲು ಆ 48 ಎಂಬಿ. ನಿಮ್ಮ ಟೆಸ್ಟಿನಲ್ಲಿ ಕ್ಯೂ ಡೆಪ್ತ್ (ಒಮ್ಮೆಗೆ ಡ್ರೈವ್ ಮುಂದಿಡುವ ಕೋರಿಕೆಗಳ ಸಂಖ್ಯೆ) 1 ಇತ್ತು, ಅಲ್ವಾ? ಸೆಕೆಂಡಿಗೆ 12,000 ಅಂದರೆ ಒಂದು ಓದಿಗೆ 83 ಮೈಕ್ರೋಸೆಕೆಂಡ್. ಫ್ಲ್ಯಾಶ್‌ಗೆ ಇದು ಸಹಜ. ಡ್ರೈವ್ ಒಳಗೆ ಫ್ಲ್ಯಾಶ್ ಡೈಗಳು (ಡೇಟಾ ಇಡುವ ಚಿಪ್ ತುಣುಕುಗಳು) ಹಲವು ಇರುತ್ತವೆ. 512 ಗಿಗಾಬಿಟ್‌ನವಾದರೆ 16. ನೀವು ಒಂದು ಕೇಳಿ, ಅದು ಬರುವ ತನಕ ಕಾದು, ಇನ್ನೊಂದು ಕೇಳುತ್ತಿದ್ದೀರಿ. ಒಂದು ಡೈ ದುಡಿಯುವಾಗ ಉಳಿದ 15 ಸುಮ್ನೆ ಕೂತಿರುತ್ತವೆ. ಡೆಪ್ತ್ 32 ಮಾಡಿ ನೋಡಿ. ಆಗ ಕಂಟ್ರೋಲರ್ (ಡ್ರೈವ್ ನಡೆಸುವ ಚಿಪ್) ಎದುರಿಗೆ 32 ಕೋರಿಕೆ ಇರುತ್ತವೆ. ಯಾವ ಡೈ ಖಾಲಿ ಇದೆಯೋ ಅದಕ್ಕೆ ಸೇರಿದ್ದನ್ನು ಎತ್ತಿ ಮೊದಲು ಕಳಿಸುತ್ತದೆ. ಬಂದ ಕ್ರಮವನ್ನು ಅದು ಪಾಲಿಸಬೇಕಾಗಿಲ್ಲ.

ಈಗ ತಡವರಿಸುವ ವಿಷಯ. ಅಸಲಿ ಸಮಸ್ಯೆ ಇದೇ. ಓದಲು ಹತ್ತಾರು ಮೈಕ್ರೋಸೆಕೆಂಡ್ ಸಾಕು. ಟಿಎಲ್‌ಸಿ (ಒಂದು ಸೆಲ್ಲಿನಲ್ಲಿ ಮೂರು ಬಿಟ್ ಇಡುವ) ಫ್ಲ್ಯಾಶಿನಲ್ಲಿ ಬರೆಯಲು ನೂರಾರು ಬೇಕು, ಮತ್ತೆ ಬರೆಯುವ ಮೊದಲು ಬ್ಲಾಕ್ ಅಳಿಸಲು ಕೆಲವು ಮಿಲಿಸೆಕೆಂಡೇ ಬೇಕು. ಡೈ ಅಳಿಸುತ್ತಾ ಕೂತಾಗ ನಿಮ್ಮ ಎಡಿಟರಿನ 4 ಕೆಬಿ ಅದೇ ಡೈನಲ್ಲಿದ್ದರೆ, ಕಾಯಲೇಬೇಕು. ಜಾಣ ಕಂಟ್ರೋಲರ್ ಓದನ್ನು ಮುಂದೆ ಬಿಡುತ್ತದೆ, ಅಳಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಓದಿಕೊಟ್ಟು ಮತ್ತೆ ಮುಂದುವರಿಸುತ್ತದೆ. ಆದರೆ ಹಾಗೇ ಮಾಡುತ್ತಾ ಹೋದರೆ ಬರಹಗಳು ಬಫರಿನಲ್ಲಿ ರಾಶಿ ಬೀಳುತ್ತವೆ, ಒಂದು ಹಂತದಲ್ಲಿ ಅವನ್ನೂ ಬಿಡಲೇಬೇಕು. ಈ ಲೆಕ್ಕಾಚಾರ ಪೂರ್ತಿ ಡ್ರೈವಿನ ಸ್ವಂತ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಒಳಗಿನದು. ಲಿನಕ್ಸ್‌ಗೆ ಯಾವ ಡೈ ಬ್ಯುಸಿ ಅಂತ ಕಾಣುವುದೇ ಇಲ್ಲ. ಹಾರ್ಡ್‌ಡಿಸ್ಕಿಗೆ ನಡೆದ ಮದ್ದು ಇಲ್ಲಿ ಅಷ್ಟಾಗಿ ನಡೆಯದಿರುವುದು ಇದಕ್ಕೇ.

ಆದರೂ ಎರಡು ಮೂರು ಸೆಕೆಂಡ್ ತುಂಬಾ ಜಾಸ್ತಿ. ಡ್ರೈವ್ ಎಷ್ಟು ತುಂಬಿದೆ? ಟ್ರಿಮ್ (ಅಳಿಸಿದ ಫೈಲುಗಳ ಜಾಗ ಇನ್ನು ಬೇಡ ಅಂತ ಡ್ರೈವಿಗೆ ತಿಳಿಸುವುದು) ಆಗುತ್ತಿದೆಯಾ?

ನಿಧಾನಿ:
ಡೆಪ್ತ್ 32ಕ್ಕೆ 1,90,000 ಐಒಪಿಎಸ್ ಬಂತು! ಸರಾಸರಿ ಕಾಯುವಿಕೆ 168 ಮೈಕ್ರೋಸೆಕೆಂಡ್.
ಡ್ರೈವ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದೆ ಅಷ್ಟೇ. ಟ್ರಿಮ್ ಟೈಮರ್ ವಾರಕ್ಕೊಮ್ಮೆ ಓಡುತ್ತದೆ, ಎರರ್ ಇಲ್ಲ.

ಕೆಳಮಟ್ಟ:
ನೋಡಿ, 32 ಕೋರಿಕೆ ಒಟ್ಟಿಗೆ ಕೊಟ್ಟರೂ ಒಂದೊಂದರ ಕಾಯುವಿಕೆ ಎರಡರಷ್ಟಾಯಿತು, ಅಷ್ಟೇ. ಕಂಟ್ರೋಲರ್ ತನ್ನ ಕೆಲಸ ಮಾಡುತ್ತಿದೆ. (16 ಡೈ, ಹತ್ತಿರ ಹತ್ತಿರ 16 ಪಟ್ಟು ವೇಗ ಅಂತ ಖುಷಿಪಡಬೇಡಿ, ಅದು ಕಾಕತಾಳೀಯ. ಒಂದೇ ಡೈಗೆ ಎರಡು ಮೂರು ಬಿದ್ದು ಜಗಳ ಆಗುತ್ತಲೇ ಇರುತ್ತದೆ.)

ಆ ಟೈಮರ್ ಮಾತು ಮಾತ್ರ ನಂಬಬೇಡಿ. ಟ್ರಿಮ್ ಸಾಧ್ಯವಿಲ್ಲದ ಕಡೆ ಅದು ಬಾಯಿ ಮುಚ್ಚಿಕೊಂಡು ಮುಂದೆ ಹೋಗುತ್ತದೆ. ಎಫ್‌ಎಸ್‌ಟ್ರಿಮ್ ಕಮಾಂಡ್ ಅನ್ನು ಕೈಯಾರೆ ಓಡಿಸಿ. ಪಾರ್ಟಿಷನ್ ಎನ್‌ಕ್ರಿಪ್ಟ್ ಮಾಡಿದ್ದೀರಾ?

ನಿಧಾನಿ:
ಅಯ್ಯೋ. 'ಡಿಸ್ಕಾರ್ಡ್ ಆಪರೇಷನ್ ನಾಟ್ ಸಪೋರ್ಟೆಡ್', ಅಂದರೆ ಟ್ರಿಮ್ ಆಗೋದಿಲ್ಲ ಅಂತಿದೆ. ಹೌದು, ಎಲ್‌ಯುಕೆಎಸ್ ಎನ್‌ಕ್ರಿಪ್ಷನ್ ಹಾಕಿದ್ದೇನೆ, ಮೊದಲ ದಿನದಿಂದ.

ಕೆಳಮಟ್ಟ:
ಸಿಕ್ಕಿತು ಕಳ್ಳ. ಎಲ್‌ಯುಕೆಎಸ್ ಹಿಂದೆ ಕೆಲಸ ಮಾಡುವ ಡಿಎಂ-ಕ್ರಿಪ್ಟ್ ತಾನಾಗಿ ಟ್ರಿಮ್ ಅನ್ನು ಕೆಳಗೆ ಬಿಡುವುದಿಲ್ಲ. ನೀವು ಅಳಿಸಿದ ಫೈಲೆಲ್ಲ ಇನ್ನೂ ಬೇಕು ಅಂತಲೇ ಡ್ರೈವ್ ತಿಳಿದಿದೆ. ಹಾಗಾಗಿ ಅದರ ಪ್ರಕಾರ ಡ್ರೈವ್ ಪೂರ್ತಿ ಭರ್ತಿ. ಹೊಸದು ಬರೆಯಬೇಕಾದಾಗೆಲ್ಲ ಕಸವನ್ನೂ ಜೋಪಾನವಾಗಿ ಬೇರೆ ಬ್ಲಾಕಿಗೆ ಸಾಗಿಸಿ, ಆಮೇಲೆ ಹಳೇ ಬ್ಲಾಕ್ ಅಳಿಸುತ್ತದೆ. ಈ ಒಳಗಿನ ಓದು, ಬರಹ, ಅಳಿಸುವಿಕೆ ಎಲ್ಲ ನಿಮ್ಮ ಎಡಿಟರ್ ನಿಂತಿರುವ ಸಾಲಿಗೇ ಬಂದು ಸೇರುತ್ತವೆ. ಖಾಲಿ ಡೈ ಇಲ್ಲದಿದ್ದರೆ ಎಂಥ ಶೆಡ್ಯೂಲಿಂಗ್ ಇದ್ದರೂ ಏನು ಮಾಡೀತು?

ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಆ ಪಾರ್ಟಿಷನ್ನಿನ ಸಾಲಿಗೆ ಡಿಸ್ಕಾರ್ಡ್ ಆಪ್ಷನ್ ಸೇರಿಸಿ. ರೂಟ್ ಪಾರ್ಟಿಷನ್ ಆದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗುವ ಇಮೇಜ್) ಮತ್ತೆ ಕಟ್ಟಬೇಕಾಗಬಹುದು. ರೀಬೂಟ್ ಆದ ಮೇಲೆ ಟ್ರಿಮ್ ಓಡಿಸಿ, ಸ್ವಲ್ಪ ಹೊತ್ತು ಡ್ರೈವ್ ಮುಟ್ಟದೆ ಬಿಡಿ. ಒಂದು ಎಚ್ಚರಿಕೆ: ಯಾವ ಜಾಗ ಖಾಲಿ ಅನ್ನೋದು ಹೊರಗೆ ಕಾಣುವಂತಾಗುತ್ತದೆ. ಅದು ನಿಮಗೆ ದೊಡ್ಡ ವಿಷಯವಾದರೆ ಬೇಡ. ಬದಲಿಗೆ ಒಂದಷ್ಟು ಜಾಗವನ್ನು ಯಾವತ್ತೂ ಬರೆಯದೆ ಬಿಡಬೇಕು, ಅದಕ್ಕೆ ಡ್ರೈವ್ ಪೂರ್ತಿ ಅಳಿಸಿ ಮತ್ತೆ ಪಾರ್ಟಿಷನ್ ಮಾಡಬೇಕಾಗುತ್ತದೆ.

ನಿಧಾನಿ:
ಲ್ಯಾಪ್‌ಟಾಪ್ ನನ್ನೊಬ್ಬನದೇ, ತೊಂದರೆಯಿಲ್ಲ. ಟ್ರಿಮ್ ಓಡಿಸಿದೆ, 400 ಜಿಬಿ ಚಿಲ್ಲರೆ ಬಿಟ್ಟಿತು! ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಅದೇ ಕಾಪಿ ಹಾಕಿ ಎಡಿಟರ್ ತೆರೆದೆ. ತಕ್ಷಣ ಬಂತು. ಕಾಪಿ ನಡೆಯುವಾಗಲೇ ರೀಡ್ ಟೆಸ್ಟ್ ಮಾಡಿದರೆ ಸಾವಿರಕ್ಕೊಂದು ಓದು ಈಗಲೂ 2 ಮಿಲಿಸೆಕೆಂಡ್ ದಾಟುತ್ತದೆ. ಅದನ್ನೂ ಇಳಿಸಬಹುದಾ?

ಕೆಳಮಟ್ಟ:
ಆ ಸಾವಿರಕ್ಕೊಂದು, ಅಳಿಸುತ್ತಿರುವ ಡೈಗೆ ಸಿಕ್ಕಿಬಿದ್ದದ್ದೇ ಇರಬೇಕು. ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ ನೋಡಿ. ಇಲ್ಲದಿದ್ದರೆ ಕಾಪಿಯ ವೇಗಕ್ಕೆ ಮಿತಿ ಹಾಕಿ. ಕಾಪಿ ಮಾಡುವ ಆರ್‌ಸಿಂಕ್ ಟೂಲಿನಲ್ಲಿ ಅದಕ್ಕೆ ಆಪ್ಷನ್ ಇದೆ.

ಬಿಟ್‌ಗಾಡಿ:
ನನ್ನದೂ ಎಲ್‌ಯುಕೆಎಸ್ಸೇ. ಈಗಷ್ಟೇ ನೋಡಿದೆ, ಅದೇ ಎರರ್.