‘ಪಕ್ವತೆ’ಯೋ ‘ಹದ’ವೋ: ಮಾವಿನ ಕೊಯ್ಲಿಗೆ ಒಪ್ಪುವ ಪದ

ಮಾನ್ಯರೇ,

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ಬೆಳೆಗಾರರಿಗಾಗಿ ಮಾವಿನ ಕೊಯ್ಲಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ‘ಮೆಚ್ಯೂರಿಟಿ’ (ಬಲಿತಿರುವುದು), ‘ರೈಪ್‌ನೆಸ್’ (ಹಣ್ಣಾಗಿರುವುದು) ಎಂಬ ಎರಡು ಮಾತುಗಳು ಬೇರೆಬೇರೆಯಾಗಿಯೇ ಇದ್ದರೂ ನಮ್ಮ ಕೃಷಿ ಬರಹಗಳಲ್ಲಿ ಎರಡಕ್ಕೂ ‘ಪಕ್ವತೆ’ ಎಂದು ಬರೆಯುವುದನ್ನು ಕಾಣುತ್ತೇನೆ. ಮಾವು ಮರದಲ್ಲಿ ಬಲಿತು, ಕೊಯ್ದ ಮೇಲೆ ಹುಲ್ಲಿನ ಅಡೆಯಲ್ಲಿ ಹಣ್ಣಾಗುವ ಫಲವಾದ್ದರಿಂದ, ‘ಪಕ್ವವಾದ ಮೇಲೆ ಕೊಯ್ಯಿರಿ’ ಎಂಬುದನ್ನು ನಂಬಿ ಹಣ್ಣಾಗುವವರೆಗೆ ಕಾದವರ ಸರಕು ದೂರದ ಪೇಟೆ ಮುಟ್ಟುವಷ್ಟರಲ್ಲಿ ಕೊಳೆಯತೊಡಗುತ್ತದೆ.

ಆಡುಮಾತಿನಲ್ಲಿ ಈ ಗೊಂದಲವಿಲ್ಲ. ಮಿಡಿ, ಕಾಯಿ, ಬಲಿತ ಕಾಯಿ, ದೋರೆಗಾಯಿ, ಹಣ್ಣು, ಕಳಿತ ಹಣ್ಣು ಎಂದು ಹಂತಹಂತಕ್ಕೂ ಮಾತಿದೆ. ತೊಟ್ಟಿನ ಸುತ್ತ ಹೆಗಲು ತುಂಬಿ ತೊಟ್ಟು ಒಳಕ್ಕೆ ಕೂತಂತೆ ಕಂಡರೆ, ಬಕೇಟಿನ ನೀರಿಗೆ ಹಾಕಿದಾಗ ಕಾಯಿ ಮುಳುಗಿದರೆ, ಬಲಿತಿದೆ ಎಂದೇ ಲೆಕ್ಕ. ಸಾಪೇಕ್ಷ ಸಾಂದ್ರತೆ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1ನ್ನು ದಾಟಿರಬೇಕೆಂದು ಕೈಪಿಡಿ ಹೇಳುವುದೂ ಇದನ್ನೇ.

ಹಾಗಾದರೆ ‘ಬಲಿತ’ ಸಾಕಲ್ಲವೇ ಎಂದುಕೊಂಡಿದ್ದೆ. ಆದರೆ ನಮ್ಮ ಕಡೆ ಉಪ್ಪಿನಕಾಯಿಗೆಂದು ಅಪ್ಪೆಮಿಡಿ ಕೊಳ್ಳುವವರು ಒಂದೆರಡು ಮಿಡಿಯನ್ನು ಸೀಳಿ ನೋಡಿ, ಗೊರಟು ಗಟ್ಟಿಯಾಗಿ ಕತ್ತಿಗೆ ತಡೆದರೆ, ‘ಬಲಿತು ಹೋಯಿತಲ್ಲ ಮಾರಾಯರೇ’ ಎಂದು ಪಕ್ಕಕ್ಕೆ ಸರಿಸುತ್ತಾರೆ. ನೂರರ ಲೆಕ್ಕದಲ್ಲಿ ಮಿಡಿ ಮಾರುವವರಿಗೆ ಆ ಒಂದು ಮಾತಿನಿಂದಲೇ ದರ ಇಳಿಯುತ್ತದೆ. ಬಾದಾಮಿ, ರಸಪುರಿಯಂಥ ಹಣ್ಣಿನ ತಳಿಗಳಿಗೆ ಗುಣವೆನಿಸಿದ್ದು ಮಿಡಿಗೆ ದೋಷ. ಆದ್ದರಿಂದ ‘ಕೊಯ್ಲಿನ ಹದ’ ಎಂಬುದೇ ಮೇಲೆನಿಸುತ್ತದೆ: ಮಿಡಿಯ ಹದ ಬೇರೆ, ಹಣ್ಣು ಮಾಡುವ ಕಾಯಿಯ ಹದ ಬೇರೆ.

ಇನ್ನೊಂದು ಸಂದೇಹ ರಿಫ್ರಾಕ್ಟೋಮೀಟರಿನದು. ಕರಪತ್ರವೊಂದರಲ್ಲಿ ಅದನ್ನು ‘ಪಕ್ವತಾಮಾಪಕ’ ಎಂದಿದ್ದರು. ಗಾಜಿನ ಮೇಲೆ ಬಿಟ್ಟ ಎರಡು ಹನಿ ರಸದಲ್ಲಿ ಬೆಳಕು ಎಷ್ಟು ಬಾಗುತ್ತದೆಂಬುದರಿಂದ, ಕರಗಿದ ಘನಾಂಶವನ್ನು, ಅಂದರೆ ಬಹುಪಾಲು ಸಕ್ಕರೆಯನ್ನು, ಅದು ಬ್ರಿಕ್ಸ್ ಎಂಬ ಅಳತೆಯ ಅಂಶಗಳಲ್ಲಿ (ಡಿಗ್ರಿಗಳಲ್ಲಿ) ತೋರಿಸುತ್ತದೆ. ಕಾಯಿಯಲ್ಲಿರುವ ಪಿಷ್ಟ ಸಕ್ಕರೆಯಾಗುವುದು ಹಣ್ಣಾಗುವಾಗ; ಹಾಗಾಗಿ ಚೆನ್ನಾಗಿ ಬಲಿತ ಕಾಯಿಯೂ ಅದರಲ್ಲಿ ಕಡಿಮೆ ಅಂಕವನ್ನೇ ಪಡೆಯುತ್ತದೆ. ‘ಸಿಹಿಮಾಪಕ’ ಎಂದರೆ ರಸದಲ್ಲಿನ ಆಮ್ಲವೂ ಅಳತೆಗೆ ಸ್ವಲ್ಪ ಸೇರುತ್ತದೆಂಬ ಆಕ್ಷೇಪ ಬಂದೀತು, ಆದರೂ ‘ಪಕ್ವತಾಮಾಪಕ’ಕ್ಕಿಂತ ವಾಸಿ.

ಬಲಿತದ್ದಕ್ಕೂ ದೋರೆಯಾದದ್ದಕ್ಕೂ ನಡುವಿನ, ಕೊಯ್ಯಲು ತಕ್ಕ ಆ ಕೆಲವೇ ದಿನಗಳಿಗೆ ಸೊರಬ, ಹೊಸನಗರ, ತೀರ್ಥಹಳ್ಳಿಯ ಕಡೆ ಬೇರೆ ಮಾತೇನಾದರೂ ಬಳಕೆಯಲ್ಲಿದೆಯೇ? ಬಲ್ಲವರು ಬಳಸುವ ವಾಕ್ಯದೊಡನೆ ತಿಳಿಸಿದರೆ ಉಪಕಾರವಾಗುತ್ತದೆ.