ಅಮೆರಿಕದಲ್ಲಿ ನೆಲೆಸಲು ಹೊರಟಿದ್ದೇನೆ: ರಾಜ್ಯ ಸರ್ಕಾರದ ಪಿಂಚಣಿಯನ್ನು ಅಲ್ಲಿನ ಬ್ಯಾಂಕ್ ಖಾತೆಗೇ ಪಡೆಯಬಹುದೇ?

ನಿವೃತ್ತ ಶಿಕ್ಷಕ, ತುಮಕೂರು | 14 ಅಕ್ಟೋಬರ್ 2024

ಮಾನ್ಯರೇ, ನಾನು ಮಧುಗಿರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಹ ಶಿಕ್ಷಕನಾಗಿದ್ದು 2017ರಲ್ಲಿ ನಿವೃತ್ತನಾದವನು. ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ಪಡೆದದ್ದು) ಕಡಿತದ ನಂತರ, ತುಟ್ಟಿಭತ್ಯೆಯೂ ಸೇರಿ ಈಗ ತಿಂಗಳಿಗೆ 42,000 ರೂಪಾಯಿ ಪಿಂಚಣಿ ತುಮಕೂರಿನ ರಾಷ್ಟ್ರೀಕೃತ ಬ್ಯಾಂಕೊಂದರ ಉಳಿತಾಯ ಖಾತೆಗೆ ಜಮೆಯಾಗುತ್ತಿದೆ. ಖಾತೆಯಲ್ಲಿ ನನ್ನ ಪತ್ನಿಯ ಹೆಸರೂ ಜಂಟಿಯಾಗಿದೆ. ಮಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ, ಅಲ್ಲಿನ ಪೌರತ್ವ ಪಡೆದಿದ್ದಾಳೆ. ಅವಳ ಅರ್ಜಿಯ ಮೇಲೆ ನಮ್ಮಿಬ್ಬರಿಗೂ ವಲಸೆ ವೀಸಾ ಮಂಜೂರಾಗಿದ್ದು, ಡಿಸೆಂಬರ್ ಎರಡನೇ ವಾರ ಹೊರಡುವವರಿದ್ದೇವೆ. ಇನ್ನು ಮುಂದೆ ಅಲ್ಲಿಯೇ ವಾಸ, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಊರಿಗೆ ಬಂದು ಹೋಗುವುದು ಎಂಬುದು ಸದ್ಯದ ಯೋಚನೆ.

ಮಗಳ ಮನೆಯಲ್ಲಿದ್ದರೂ ಔಷಧಿಗೆ, ಕೈಖರ್ಚಿಗೆ ಅವಳ ಮುಂದೆ ಕೈಯೊಡ್ಡಲು ಮನಸ್ಸು ಒಪ್ಪುತ್ತಿಲ್ಲ. ಆದ್ದರಿಂದ ಪಿಂಚಣಿಯನ್ನು ಖಜಾನೆಯಿಂದ ನೇರವಾಗಿ ಅಮೆರಿಕದ ಬ್ಯಾಂಕ್ ಖಾತೆಗೇ ಕಳುಹಿಸುವಂತೆ ಅರ್ಜಿ ಕೊಡಲು ಸಾಧ್ಯವೇ ಎಂದು ತಿಳಿಯಬೇಕಾಗಿದೆ. ಅಮಾನಿಕೆರೆಯ ಏರಿಯ ಮೇಲೆ ಬೆಳಿಗ್ಗೆ ಜೊತೆಯಾಗಿ ನಡೆಯುವ ಮೂವರು ಗೆಳೆಯರು ಮೂರು ಮಾತು ಹೇಳುತ್ತಾರೆ. ದೇಶ ಬಿಟ್ಟರೆ ಪಿಂಚಣಿಯೇ ನಿಂತುಹೋಗುತ್ತದೆ ಎಂಬುದು ಒಬ್ಬರ ಮಾತು, ಎನ್‌ಆರ್‌ಇ ಖಾತೆ (ವಿದೇಶದ ಗಳಿಕೆ ಇಡಲು ಅನಿವಾಸಿಗಳಿಗಿರುವ ಖಾತೆ) ತೆರೆಯಲೇಬೇಕು ಎಂಬುದು ಇನ್ನೊಬ್ಬರದು, ಯಾರಿಗೂ ಏನನ್ನೂ ಹೇಳದೆ ಸುಮ್ಮನೆ ಹೊರಡಿ ಎಂಬುದು ಮೂರನೆಯವರದು. ಗುಬ್ಬಿಯ ಬಳಿ ಎರಡು ಎಕರೆ ತೆಂಗಿನ ತೋಟವೂ ಇದ್ದು, ಕೊಬ್ಬರಿ ಮಾರಿದ ಹಣವೂ ಇದೇ ಖಾತೆಗೆ ಬರುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ಊರುಬಿಟ್ಟವನು | 14 ಅಕ್ಟೋಬರ್ 2024

ಸರ್, ಇಷ್ಟೊಂದು ಯೋಚಿಸುವ ಅಗತ್ಯವಿಲ್ಲ. ಈಗಿರುವ ಖಾತೆಯನ್ನು ಹಾಗೆಯೇ ಬಿಟ್ಟು, ವಿದೇಶದಲ್ಲೂ ನಡೆಯುವ ಎಟಿಎಂ ಕಾರ್ಡ್ ತೆಗೆದುಕೊಂಡು ಹೋಗಿರಿ. ನನ್ನ ಮಾವನವರು ಹಾಗೆಯೇ ನಡೆಸುತ್ತಿದ್ದಾರೆ.

ಹಳೆಯ ಬ್ಯಾಂಕಿನವರು, ಚಿಕ್ಕಬಳ್ಳಾಪುರ | 15 ಅಕ್ಟೋಬರ್ 2024

ಮೇಷ್ಟ್ರೇ, ನಮಸ್ಕಾರ. ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಮೂರು ದಶಕ ಬ್ಯಾಂಕಿನಲ್ಲಿದ್ದು, ಅದರಲ್ಲಿ ಕೆಲವು ವರ್ಷ ಅನಿವಾಸಿ ಖಾತೆಗಳನ್ನೇ ನೋಡಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಖಜಾನೆಯಿಂದ ವಿದೇಶಿ ಖಾತೆಗೆ ನೇರ ಪಾವತಿ ಇಲ್ಲ. ಮಹಾಲೇಖಪಾಲರ ಕಚೇರಿ ಹೊರಡಿಸಿದ ಪಿಂಚಣಿ ಪಾವತಿ ಆದೇಶದಂತೆ ಹಣ ಭಾರತದೊಳಗಿನ ಬ್ಯಾಂಕ್ ಖಾತೆಗೆ, ರೂಪಾಯಿಯಲ್ಲಿಯೇ ಬರುತ್ತದೆ. ಅಲ್ಲಿಂದ ಮುಂದಕ್ಕೆ ಡಾಲರ್ ಮಾಡಿ ಕಳುಹಿಸಿಕೊಳ್ಳುವುದು ನಿಮ್ಮ ಮತ್ತು ನಿಮ್ಮ ಬ್ಯಾಂಕಿನ ನಡುವಿನ ವ್ಯವಹಾರ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ವಿದೇಶದಲ್ಲಿ ನೆಲೆಸಿದ ಮಾತ್ರಕ್ಕೆ ಪಿಂಚಣಿ ನಿಲ್ಲುತ್ತದೆ ಎಂಬ ನಿಮ್ಮ ಮೊದಲನೆಯ ಗೆಳೆಯರ ಮಾತಿಗೆ ಆಧಾರವಿಲ್ಲ.

ಖಾತೆಯ ವಿಷಯ ಹೀಗಿದೆ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ ಪ್ರಕಾರ, ಇಂತಿಷ್ಟೇ ಕಾಲ ಎಂದು ಹೇಳಲಾಗದ ಅವಧಿಗೆ ಹೊರದೇಶದಲ್ಲಿ ನೆಲೆಸುವ ಉದ್ದೇಶದಿಂದ ಹೋದವರು ಅನಿವಾಸಿಗಳಾಗುತ್ತಾರೆ, ಮತ್ತು ಅನಿವಾಸಿಯಾದವರು ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಅದನ್ನು ಎನ್‌ಆರ್‌ಒ (ಭಾರತದೊಳಗಿನ ಆದಾಯ ಇಡಲು ಅನಿವಾಸಿಗಳಿಗಿರುವ) ಖಾತೆಯಾಗಿ ಬದಲಿಸಬೇಕು. ಮಗಳ ಮನೆಗೆ ಆರು ತಿಂಗಳ ಪ್ರವಾಸಿ ವೀಸಾದಲ್ಲಿ ಹೋಗಿ ಮೊಮ್ಮಕ್ಕಳನ್ನು ನೋಡಿಕೊಂಡು ಮರಳುವವರಿಗೆ ಇದು ಅನ್ವಯಿಸುವುದಿಲ್ಲ. ‘ಊರುಬಿಟ್ಟವನು’ ಅವರ ಮಾವನವರು ಆ ಗುಂಪಿಗೆ ಸೇರಿದವರಿರಬಹುದು. ನೀವು ವಲಸೆ ವೀಸಾದಲ್ಲಿ ಹೊರಟವರು, ನಿಮ್ಮ ಉದ್ದೇಶ ಕಾಗದದಲ್ಲೇ ಇದೆ. ಈ ಕಾಯಿದೆಯ ಉಲ್ಲಂಘನೆಗೆ ಮೊತ್ತದ ಮೂರು ಪಟ್ಟಿನವರೆಗೆ ದಂಡಕ್ಕೆ ಅವಕಾಶವಿದೆ. ದಂಡ ಬೀಳುತ್ತದೆಯೋ ಇಲ್ಲವೋ ಬೇರೆ ಮಾತು, ಆದರೆ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸಕ್ಕೆ ಆ ಭಯವನ್ನು ಏಕೆ ಹೊತ್ತುಕೊಳ್ಳಬೇಕು?

ಎನ್‌ಆರ್‌ಒ ಖಾತೆಗೆ ಪಿಂಚಣಿ, ಬಾಡಿಗೆ, ಬಡ್ಡಿ, ತೋಟದ ಹುಟ್ಟುವಳಿ ಎಲ್ಲವೂ ಜಮೆಯಾಗಬಹುದು. ನಿಮ್ಮ ಎರಡನೆಯ ಗೆಳೆಯರು ಹೇಳಿದ ಎನ್‌ಆರ್‌ಇ ಖಾತೆಗೂ, ತೆರಿಗೆಯ ವ್ಯವಸ್ಥೆ ಆಗಿದೆ ಎಂದು ಬ್ಯಾಂಕಿಗೆ ಮನದಟ್ಟಾದರೆ, ಪಿಂಚಣಿಯಂಥ ಚಾಲ್ತಿ ಆದಾಯವನ್ನು ಜಮೆ ಮಾಡಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ. ಆದರೆ ‘ತೆರೆಯಬಹುದು’ ಎಂದರೆ ಸರಿ, ‘ತೆರೆಯಲೇಬೇಕು’ ಎಂದರೆ ತಪ್ಪು. ಶಾಖೆಗಳಲ್ಲಿ ಈ ನಿಯಮ ಬಲ್ಲವರು ಕಡಿಮೆ, ನೀವು ಅವರೊಡನೆ ವಾದಕ್ಕೆ ನಿಲ್ಲುವುದಕ್ಕಿಂತ ಎನ್‌ಆರ್‌ಒ ಇಟ್ಟುಕೊಳ್ಳುವುದೇ ನೆಮ್ಮದಿ ಎಂಬುದು ನನ್ನ ಅಭಿಪ್ರಾಯ.

ಎನ್‌ಆರ್‌ಒ ಖಾತೆಯಿಂದ ಹೊರಗೆ ಹಣ ಕಳುಹಿಸಲು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿ ಇದೆ ಎಂದು ಕೇಳಿರುತ್ತೀರಿ. ಅದು ಆಸ್ತಿ ಮಾರಿದ ಹಣ, ಕೂಡಿಟ್ಟ ಹಣ ಮುಂತಾದವಕ್ಕೆ. ತೆರಿಗೆ ಕಳೆದ ಪಿಂಚಣಿಯನ್ನು ಆ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ತಿಂಗಳೂ ಮಾತ್ರ ಕಳುಹಿಸಬೇಡಿ. ಇಲ್ಲಿನ ಬ್ಯಾಂಕ್ ಒಂದಿಷ್ಟು, ನಡುವಿನ ಬ್ಯಾಂಕ್ ಒಂದಿಷ್ಟು, ಹಣ ಸೇರುವ ಬ್ಯಾಂಕ್ ಒಂದಿಷ್ಟು ಎಂದು ಪ್ರತಿ ಸಲವೂ ಶುಲ್ಕ ಕಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಒಟ್ಟಾಗಿ ಕಳುಹಿಸುವುದು ಲಾಭ.

ಕೋಲಾರದ ಮಗಳು, ಡಲ್ಲಾಸ್ | 17 ಅಕ್ಟೋಬರ್ 2024

ಹಿರಿಯರಿಗೆ ನಮಸ್ಕಾರ. ಖಾತೆಯ ಬಗ್ಗೆ ಮೇಲೆ ಎಲ್ಲವೂ ಬಂದಿದೆ. ನಮ್ಮ ತಾಯಿಯ ಕುಟುಂಬ ಪಿಂಚಣಿಯ ಅನುಭವದಲ್ಲಿ ತೊಂದರೆ ಕೊಟ್ಟಿದ್ದು ಖಾತೆಯಲ್ಲ, ನವೆಂಬರ್ ತಿಂಗಳ ಜೀವಿತ ಪ್ರಮಾಣಪತ್ರ.

ಮೊದಲ ವರ್ಷ ತಾಯಿಯನ್ನು ಕಾರಿನಲ್ಲಿ ನಾಲ್ಕು ಗಂಟೆ ಕೂರಿಸಿಕೊಂಡು ಹ್ಯೂಸ್ಟನ್‌ನ ಭಾರತೀಯ ದೂತಾವಾಸಕ್ಕೆ ಹೋಗಿ, ಪಾಸ್‌ಪೋರ್ಟ್ ಮತ್ತು ಪಿಂಚಣಿ ಪಾವತಿ ಆದೇಶದ ಪ್ರತಿ ತೋರಿಸಿ, ಅಧಿಕಾರಿಯ ಸಹಿ ಮತ್ತು ಮೊಹರು ಹಾಕಿಸಿ, ಕೋಲಾರದ ಶಾಖೆಗೆ ಕೊರಿಯರ್ ಮಾಡಿದೆವು. ಕಾಗದ ಸಕಾಲದಲ್ಲಿ ತಲುಪಿತು, ಅದನ್ನು ಕಂಪ್ಯೂಟರಿಗೆ ಏರಿಸುವವರು ರಜೆಯಲ್ಲಿದ್ದರು. ಪಿಂಚಣಿ ನಿಂತಿತು. ಕೋಲಾರದಲ್ಲಿರುವ ನಮ್ಮ ಸೋದರಮಾವ ನಾಲ್ಕು ಸಲ ಶಾಖೆಗೆ ಅಲೆದ ಮೇಲೆ ಫೆಬ್ರುವರಿಯಲ್ಲಿ ಬಾಕಿ ಸಮೇತ ಬಂತು. ಹಣ ಮುಳುಗಲಿಲ್ಲ ನಿಜ, ಆದರೆ ಎಪ್ಪತ್ತಾರು ವರ್ಷದ ಅಮ್ಮ ‘ನಾನು ಬದುಕಿದ್ದೇನೆ ಅಂತ ಇನ್ನು ಯಾರಿಗೆ ಹೇಳಬೇಕು’ ಎಂದು ಕೇಳಿದ್ದು ಮನಸ್ಸಿನಲ್ಲಿ ಉಳಿದಿದೆ.

ಮರುವರ್ಷದಿಂದ ಜೀವನ್ ಪ್ರಮಾಣ್ ಎಂಬ ಸರ್ಕಾರದ ಆನ್‌ಲೈನ್ ವ್ಯವಸ್ಥೆಯ ಮೂಲಕ, ಫೋನಿನಲ್ಲಿ ಆಧಾರ್ ಮುಖಚಹರೆ ದೃಢೀಕರಣ ಮಾಡಿ ಸಲ್ಲಿಸುತ್ತಿದ್ದೇವೆ. 2014ರಲ್ಲಿ ಆರಂಭವಾದಾಗ ಇದಕ್ಕೆ ಬೆರಳಚ್ಚಿನ ಯಂತ್ರ ಅಥವಾ ಕಣ್ಣಿನ ಪಾಪೆಯ ಯಂತ್ರ ಬೇಕಿತ್ತು, 2021ರಿಂದ ಮುಖ ತೋರಿಸಿದರೆ ಸಾಕಾಗುವ ವ್ಯವಸ್ಥೆ ಬಂದಿದೆ. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಯ ಎದುರು ಕೂರಿಸಿ, ಕನ್ನಡಕ ತೆಗೆಸಿದಾಗ ನಮಗೆ ಸರಿಯಾಯಿತು. ಒಟಿಪಿ ಬರುವುದಕ್ಕಾಗಿ ಭಾರತದ ಸಿಮ್ ಅನ್ನು ರೋಮಿಂಗ್‌ನಲ್ಲಿ ಜೀವಂತ ಇಟ್ಟಿದ್ದೇವೆ, ಈ ಒಂದು ಸಿಮ್ ಸತ್ತರೆ ಬ್ಯಾಂಕು, ಆಧಾರ್, ತೆರಿಗೆ ಎಲ್ಲದರ ಬಾಗಿಲೂ ಮುಚ್ಚುತ್ತದೆ. ನಿಮಗೆ ನ್ಯೂಯಾರ್ಕ್ ದೂತಾವಾಸ ಹತ್ತಿರವೇ ಇರುವುದರಿಂದ ಫೋನು ಕೈಕೊಟ್ಟರೂ ಆ ದಾರಿ ಇದ್ದೇ ಇದೆ. ಈ ವರ್ಷದ್ದನ್ನಂತೂ ಹೊರಡುವ ಮೊದಲೇ ಶಾಖೆಗೆ ಹೋಗಿ ಖುದ್ದಾಗಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

ತೆರಿಗೆ ಸಲಹೆಗಾರ, ಕೋಲಾರ | 19 ಅಕ್ಟೋಬರ್ 2024

ತೆರಿಗೆಯ ಮಾತು ಇನ್ನೂ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬ್ಯಾಂಕಿಗೆ ನೀವು ಡಿಸೆಂಬರಿನಲ್ಲಿಯೇ ಅನಿವಾಸಿಯಾದರೂ, ಆದಾಯ ತೆರಿಗೆ ಇಲಾಖೆಗೆ ಈ ವರ್ಷ ನಿವಾಸಿಯೇ ಆಗಿರುತ್ತೀರಿ, ಏಕೆಂದರೆ ಏಪ್ರಿಲ್‌ನಿಂದ ಲೆಕ್ಕ ಹಾಕಿದರೆ 182 ದಿನಕ್ಕಿಂತ ಹೆಚ್ಚು ಕಾಲ ಇಲ್ಲಿಯೇ ಇದ್ದಂತಾಗುತ್ತದೆ. ಎರಡು ಕಾಯಿದೆಗಳ ಅಳತೆಗೋಲು ಬೇರೆ ಬೇರೆ. ಮುಂದಿನ ಹಣಕಾಸು ವರ್ಷದಿಂದ ತೆರಿಗೆಗೂ ಅನಿವಾಸಿಯಾಗುತ್ತೀರಿ.

ಇದರ ವ್ಯತ್ಯಾಸ ಕೈಗೆ ತಟ್ಟುವಂಥದ್ದು. ವರ್ಷದ ಪಿಂಚಣಿ 5,04,000 ರೂಪಾಯಿ. 2024-25ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ಪ್ರಮಾಣಿತ ಕಡಿತ ಕಳೆದರೆ 4,29,000 ಉಳಿಯುತ್ತದೆ. ಮೂರು ಲಕ್ಷದ ಮೇಲಿನ 1,29,000ಕ್ಕೆ ಶೇ. 5ರಂತೆ 6,450, ಶೇ. 4ರ ಸೆಸ್ ಸೇರಿ 6,708 ರೂಪಾಯಿ. ನಿವಾಸಿಗೆ ಆದಾಯ ತೆರಿಗೆ ಕಾಯಿದೆಯ 87ಎ ಕಲಮಿನ ರಿಯಾಯಿತಿಯಿಂದ ಇದು ಸೊನ್ನೆಯಾಗುತ್ತದೆ. ಅನಿವಾಸಿಗೆ ಆ ರಿಯಾಯಿತಿ ಇಲ್ಲ, ಆದ್ದರಿಂದ ಇದೇ ದರದಲ್ಲಿ ಅಷ್ಟನ್ನೂ ಕಟ್ಟಬೇಕು. ತೋಟದ ಆದಾಯಕ್ಕೆ ಭಾರತದಲ್ಲಿ ತೆರಿಗೆ ಇಲ್ಲದಿದ್ದರೂ ದರ ನಿರ್ಧರಿಸಲು ಅದನ್ನು ಸೇರಿಸಿಕೊಳ್ಳುವುದರಿಂದ ಮೊತ್ತ ಸ್ವಲ್ಪ ಏರಬಹುದು. ಎನ್‌ಆರ್‌ಒ ಖಾತೆಯ ಬಡ್ಡಿಯ ಮೇಲೆ ಮೊದಲ ರೂಪಾಯಿಯಿಂದಲೇ ಶೇ. 30 ಮತ್ತು ಸೆಸ್ ಮುರಿದುಕೊಳ್ಳುತ್ತಾರೆ. ಹೆಚ್ಚು ಮುರಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು, ಆಗ ನೀವು ಬಳಸಬೇಕಾದದ್ದು ಐಟಿಆರ್-2, ಈವರೆಗಿನ ಐಟಿಆರ್-1 ಅಲ್ಲ.

ಹಣ ಹೊರಗೆ ಕಳುಹಿಸುವಾಗ ಬ್ಯಾಂಕು 15ಸಿಎ ನಮೂನೆ (ಆ ಹಣದ ತೆರಿಗೆಯ ಬಗ್ಗೆ ಕಳುಹಿಸುವವರ ಘೋಷಣೆ) ಕೇಳುತ್ತದೆ. ವರ್ಷದಲ್ಲಿ ಕಳುಹಿಸುವ ಒಟ್ಟು ಮೊತ್ತ ಐದು ಲಕ್ಷ ಮೀರದಿದ್ದರೆ ಅದನ್ನು ನೀವೇ ಆನ್‌ಲೈನ್‌ನಲ್ಲಿ ತುಂಬಬಹುದು. ಮೀರಿದರೆ ಲೆಕ್ಕಪರಿಶೋಧಕರಿಂದ 15ಸಿಬಿ ಪ್ರಮಾಣಪತ್ರವೂ ಬೇಕು, ಅದಕ್ಕೆ ಶುಲ್ಕವೂ ಉಂಟು. ನನ್ನ ವೃತ್ತಿಬಾಂಧವರು ಮುನಿಸಿಕೊಂಡರೂ ಸರಿ, ಮನೆಯ ಕಂದಾಯ, ತೋಟದ ಕೂಲಿ, ಮದುವೆ ಮುಂಜಿಯ ಉಡುಗೊರೆ ಎಂದು ಒಂದಿಷ್ಟು ಹಣ ಊರಿನಲ್ಲಿಯೇ ಉಳಿಯಲಿ, ನಾಲ್ಕೂವರೆ ಲಕ್ಷದೊಳಗೆ ಕಳುಹಿಸಿಕೊಳ್ಳಿ ಎನ್ನುತ್ತೇನೆ.

ಅಮೆರಿಕದ ಕಡೆಯದನ್ನು ಮರೆಯಬೇಡಿ. ಭಾರತ ಮತ್ತು ಅಮೆರಿಕ ನಡುವಿನ ತೆರಿಗೆ ಒಪ್ಪಂದದ 19ನೇ ವಿಧಿಯಂತೆ ಸರ್ಕಾರಿ ಸೇವೆಯ ಪಿಂಚಣಿಗೆ ಸಾಮಾನ್ಯವಾಗಿ ಕೊಡುವ ಸರ್ಕಾರದ ದೇಶದಲ್ಲಷ್ಟೇ ತೆರಿಗೆ ಎಂದು ಓದಿ ಹಲವರು ನಿರಾಳರಾಗುತ್ತಾರೆ. ಅದೇ ಒಪ್ಪಂದದ ಮೊದಲ ವಿಧಿಯಲ್ಲಿ, ಅಮೆರಿಕವು ಈ ರಿಯಾಯಿತಿಯನ್ನು ತನ್ನ ಪೌರರಲ್ಲದ ಮತ್ತು ವಲಸೆ ಸ್ಥಾನಮಾನ ಪಡೆಯದವರಿಗಷ್ಟೇ ಕೊಡುತ್ತದೆ ಎಂದಿದೆ. ಗ್ರೀನ್ ಕಾರ್ಡ್ ಬಂದ ಮೇಲೆ ನಿಮ್ಮ ಪಿಂಚಣಿಯನ್ನೂ, ಇಲ್ಲಿ ತೆರಿಗೆಯಿಲ್ಲದ ಕೊಬ್ಬರಿಯ ಆದಾಯವನ್ನೂ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಿ, ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ಕಳೆಯುವಂತೆ ಕೇಳಬೇಕು. ಇದಲ್ಲದೆ ಠೇವಣಿಗಳೂ ಸೇರಿ ನಿಮ್ಮ ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್, ಅಂದರೆ 2024ರ ಅಕ್ಟೋಬರ್ ದರದಲ್ಲಿ ಸುಮಾರು 8 ಲಕ್ಷ 40 ಸಾವಿರ ರೂಪಾಯಿ ದಾಟಿದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವಿವರವನ್ನು ಅಲ್ಲಿನ ಸರ್ಕಾರಕ್ಕೆ ಸಲ್ಲಿಸಬೇಕು. ಇದು ತೆರಿಗೆಯಲ್ಲ, ಬರಿಯ ಮಾಹಿತಿ. ಆದರೆ ಸಲ್ಲಿಸದಿದ್ದರೆ ಬೀಳುವ ದಂಡ ದೊಡ್ಡದು. ಮಗಳ ತೆರಿಗೆ ಸಲಹೆಗಾರರಿಗೆ ಮೊದಲ ವರ್ಷವೇ ಎಲ್ಲ ಪಾಸ್‌ಬುಕ್ ತೋರಿಸಿ.

ನಿವೃತ್ತ ಶಿಕ್ಷಕ, ತುಮಕೂರು | 8 ನವೆಂಬರ್ 2024

ಎಲ್ಲರಿಗೂ ಕೃತಜ್ಞತೆಗಳು. ರಾಜ್ಯೋತ್ಸವ, ಬಲಿಪಾಡ್ಯಮಿಯ ರಜೆ ಕಳೆದು 4ರ ಸೋಮವಾರವೇ ಶಾಖೆಗೆ ಹೋಗಿ ಜೀವಿತ ಪ್ರಮಾಣಪತ್ರ ಕೊಟ್ಟು, ಕಂಪ್ಯೂಟರಿಗೆ ಏರಿಸುವವರೆಗೂ ಎದುರಿಗೇ ಕುಳಿತಿದ್ದು, ಸ್ವೀಕೃತಿ ಪಡೆದು ಬಂದೆ. ಖಾತೆಯನ್ನು ಎನ್‌ಆರ್‌ಒ ಮಾಡುವ ಅರ್ಜಿಗೆ ನಾವಿಬ್ಬರೂ ಸಹಿ ಮಾಡಿದ್ದೇವೆ. ಅಲ್ಲಿನ ವಿಳಾಸದ ಪುರಾವೆಯನ್ನು ತಲುಪಿದ ಮೇಲೆ ಕಳುಹಿಸಿದರೆ ಸಾಕು, ಖಾತೆ ಸಂಖ್ಯೆ ಬದಲಾದರೆ ಖಜಾನೆಗೆ ತಿಳಿಸುವ ಪತ್ರವನ್ನೂ ಆಗಲೇ ಕೊಡಿ ಎಂದು ವ್ಯವಸ್ಥಾಪಕರು ಹೇಳಿದರು. ಎನ್‌ಆರ್‌ಇ ಖಾತೆಗೆ ಪಿಂಚಣಿ ಹಾಕಬಹುದೇ ಎಂದು ಕುತೂಹಲಕ್ಕೆ ಕೇಳಿದೆ. ‘ಬರುವುದೇ ಇಲ್ಲ ಸರ್’ ಎಂದರು. ಚಿಕ್ಕಬಳ್ಳಾಪುರದವರ ಮಾತು ನೆನಪಾಗಿ ವಾದಿಸದೆ ಎದ್ದು ಬಂದೆ.

ಗುಬ್ಬಿಯ ತೋಟದ ವ್ಯವಹಾರಕ್ಕೆ ತಮ್ಮನ ಹೆಸರಿಗೆ ಅಧಿಕಾರ ಪತ್ರ ಬರೆಸುವುದು ಬಾಕಿ ಇದೆ. ಅದಕ್ಕೆ ಬರುವ ಸೋಮವಾರ ಉಪನೋಂದಣಾಧಿಕಾರಿ ಕಚೇರಿಗೆ ಬರಹೇಳಿದ್ದಾರೆ.